ಬಾತು ಬಿಟ್ಟು ಹುಳದ ಹಿಂದೆ

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಎಲ್ಲರೂ ಹೋಗುವುದು ಪಟ್ಟೆತಲೆ ಹೆಬ್ಬಾತು ನೋಡಲು. ನಾನು ಹೋಗಿದ್ದು ಏರೋಪ್ಲೇನ್ ಚಿಟ್ಟೆಗೆ, ಅದೇ ಡ್ರ್ಯಾಗನ್‌ಫ್ಲೈಗೆ. ನವೆಂಬರಿನ ಒಂದು ಭಾನುವಾರ, ಹುಬ್ಬಳ್ಳಿಯಿಂದ ಗೆಳೆಯನ ಬೈಕ್. ಲಕ್ಷ್ಮೇಶ್ವರದಲ್ಲಿ ಗಿರಮಿಟ್ಟು, ಚಹಾ. ಅಲ್ಲಿಂದ ಕೆರೆ ಹತ್ತಿರವೇ.

ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಕೆರೆ ಇದು. ಹಿಮಾಲಯ ದಾಟಿ ಬಂದ ಬಾತುಗಳು ನಡುನೀರಲ್ಲಿ ಗದ್ದಲ ಹಾಕುತ್ತಿದ್ದವು. ಗೆಳೆಯ ಕ್ಯಾಮೆರಾ ಹಿಡಿದು ಅತ್ತ ಓಡಿದ. ನಾನು ಜೊಂಡಿನ ಪಕ್ಕ ಕುಕ್ಕರುಗಾಲಲ್ಲಿ ಕೂತೆ.

ಎಮ್ಮೆ ಮೇಯಿಸುತ್ತಿದ್ದ ಅಜ್ಜ ಬಂದು ನಿಂತರು. “ತಮ್ಮಾ, ಹಕ್ಕಿ ಅತ್ತಾಗ ಅದಾವ. ಇಲ್ಲೇನ್ ಹುಡುಕಾಕತ್ತಿ?”

“ಹುಳಾರೀ ಅಜ್ಜಾ.”

“ಹುಳಾ ನೋಡಾಕ ಹುಬ್ಬಳ್ಳಿಂದ ಬಂದೀಯೇನು!”

ಅಜ್ಜ ಚಿಕ್ಕವರಿದ್ದಾಗ ಏರೋಪ್ಲೇನ್ ಚಿಟ್ಟೆಯ ಬಾಲಕ್ಕೆ ದಾರ ಕಟ್ಟಿ ಹಾರಿಸುತ್ತಿದ್ದರಂತೆ. ನಾನೂ ಕಟ್ಟಿದ್ದೇನೆ, ಸುಳ್ಳು ಯಾಕೆ.

ನನಗೆ ಬೇಕಿದ್ದದ್ದು ಹಳದಿ ರೆಕ್ಕೆಯ ಮೇಲೆ ಕಪ್ಪು ಮಚ್ಚೆಯ ‘ಪಿಕ್ಚರ್ ವಿಂಗ್’ ಎಂಬ ಜಾತಿ. ದೇಶದಲ್ಲಿ ಅಪರೂಪವೇನಲ್ಲ, ಆದರೆ ಹುಲ್ಲು, ಕಳೆ ಇರುವ ನೀರೇ ಬೇಕು ಅದಕ್ಕೆ. ನಮ್ಮ ಮನೆ ಹತ್ತಿರದ ಕೆರೆಗೆ ಕಲ್ಲು ಕಟ್ಟಿ ವಾಕಿಂಗ್ ದಾರಿ ಮಾಡಿದ ಮೇಲೆ ಒಂದೂ ಕಂಡಿಲ್ಲ. ನಡೆಯೋಕೆ ಚೆನ್ನಾಗಿದೆ, ಅಷ್ಟೇ.

ಮೊದಲು ಸಿಕ್ಕಿದ್ದು ಯಾವುದೋ ಏರೋಪ್ಲೇನ್ ಚಿಟ್ಟೆ ಕಳಚಿಟ್ಟ ಪೊರೆ. ಜೊಂಡಿನ ದಂಟಿಗೆ ಆರೂ ಕಾಲು ಊರಿ ಹಾಗೇ ನಿಂತಿತ್ತು. ಬೆನ್ನು ಸೀಳಿದೆ. ಸೀಳಿನಿಂದ ಬಿಳಿ ನೂಲಿನಂಥ ಎಳೆಗಳು ಇಣುಕುತ್ತಿವೆ. ಉಸಿರಿನ ಕೊಳವೆಗಳ ಒಳಪದರ ಅದು. ನೀರಲ್ಲಿರುವಾಗ ಈ ಮರಿ ಹಿಂಭಾಗದಿಂದ ನೀರು ಎಳೆದು ಉಸಿರಾಡುತ್ತದೆ. ಹೆದರಿದರೆ ಅದೇ ನೀರನ್ನು ಪಿಚಕಾರಿಯಂತೆ ಚಿಮ್ಮಿ ಮುಂದಕ್ಕೆ ಜಿಗಿಯುತ್ತದೆ. ಮಡಚಿಟ್ಟ ಕೆಳತುಟಿ ಚಾಚಿ ಸೊಳ್ಳೆ ಮರಿ ಹಿಡಿಯುತ್ತದೆ. ಬೆಳೆದ ಮೇಲೆ ಹತ್ತಿ ಬಂದು ಪೊರೆ ಬಿಡಲು ಇಂಥದೊಂದು ದಂಟು ಬೇಕು.

ಬಿಸಿಲು ಏರಿದಾಗ ಪಿಕ್ಚರ್ ವಿಂಗ್ ಬಂತು. ಬೇರೆಯವುಗಳಂತೆ ಸುಯ್ ಅಂತ ನುಗ್ಗದೆ, ಚಿಟ್ಟೆಯಂತೆ ಪಟಪಟ ತೇಲುತ್ತಾ. ದಂಟಿನ ತುದಿಗೆ ಕೂತಾಗ ಮುಂದಿನ ರೆಕ್ಕೆಯ ಹೊರಗಿನ ಅರ್ಧ ಗಾಜಿನಂತೆ ಕಂಡಿತು. ಹೆಣ್ಣು! ಮೊಬೈಲ್ ಎತ್ತುವಷ್ಟರಲ್ಲಿ ಅಜ್ಜನ ಎಮ್ಮೆ ಬಾಲ ಬೀಸಿತು. ಹಾರಿಹೋಯಿತು.

ಗೆಳೆಯನ ಹತ್ತಿರ ನೂರಾರು ಬಾತಿನ ಫೋಟೊ. ನನ್ನ ಹತ್ತಿರ ಅಜ್ಜ ಕೊಟ್ಟ ಕಡ್ಡಿಪೆಟ್ಟಿಗೆ, ಅದರೊಳಗೆ ಆ ಪೊರೆ. ಹುಬ್ಬಳ್ಳಿ ಮುಟ್ಟಿ ತೆರೆದರೆ ಒಂದು ಕಾಲು ಮುರಿದಿತ್ತು.