ಮುಗಿಲಿಗೆ ಅಂಟಿದ ಎಳ್ಳು

ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಯ ಹಬ್ಬಕ್ಕೆ, ಹೊಲಕ್ಕೆ ಬಾ ಅಂತ ಗೆಳತಿ ಕರೆದಾಗ ನಾನು ಮೊದಲು ಕೇಳಿದ್ದು, "ಈ ಸಲ ಅಗಸಿ ಹಾಕಿದ್ದಾರಾ?" ಅಂತ. ಫೋನಿನಲ್ಲಿ ಅವಳು ಒಂದು ಗಳಿಗೆ ಸುಮ್ಮನಾದಳು. ಎಳ್ಳಮಾಸಿ ಅಂದರೆ ಈ ಕಡೆ ಯಾರಾದರೂ ಕೇಳುವುದು ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆಯ ಬಗ್ಗೆ.

"ಅಂಚಿಗೆ ನಾಕ್ ಸಾಲ ಹಾಕ್ಯಾರ. ಯಾಕ, ಚಟ್ನಿಗೇನು?"

ಚಟ್ನಿಗಲ್ಲ, ಚಿತ್ರಕ್ಕೆ ಅಂದೆ. "ಹಂಗಾದ್ರ ಮುಂಜಾನೆ ಲಗೂನ ಬಾ. ಊಟದ ಹೊತ್ತಿಗೆ ಹೂ ಇರಂಗಿಲ್ಲ" ಅಂದಳು.

ನಾನು ತುಮಕೂರಿನ ಕಡೆಯವಳು. ಧಾರವಾಡಕ್ಕೆ ಬಂದು ಹದಿನಾಲ್ಕು ವರ್ಷ ಆಯಿತು. ನಮ್ಮ ಕಡೆ ಅಗಸೆ ಅಂದರೆ ಮರ, ಅದರ ಸೊಪ್ಪಿನ ಪಲ್ಯ ಮಾಡುತ್ತೇವೆ. ಇಲ್ಲಿ ಅಗಸಿ ಅಂದರೆ ಸೊಂಟದವರೆಗೂ ಬಾರದ ಸಣ್ಣ ಗಿಡ, ನೀಲಿ ಹೂ, ಹೊಳೆಯುವ ಕಂದು ಬೀಜ. ಇನ್ನೂ ಒಂದು ಮಾತು ನನ್ನನ್ನು ಮೊದಮೊದಲು ಗೊಂದಲಕ್ಕೆ ಹಾಕಿತ್ತು. ನಮಗೆ ಮುಗಿಲು ಅಂದರೆ ಮೋಡ. ಇಲ್ಲಿನವರಿಗೆ ಮುಗಿಲು ಅಂದರೆ ಆಕಾಶ. "ಮುಗಿಲಾಗ ಒಂದೂ ಮೋಡಿಲ್ಲ" ಅಂತ ಯಾರೋ ಅಂದಾಗ ನಾನು ಪಿಳಿಪಿಳಿ ನೋಡಿದ್ದೆ. ಈಗ ನಾನೂ ಮುಗಿಲು ಅಂತಲೇ ಅನ್ನುತ್ತೇನೆ. ನನ್ನ ಚಿತ್ರಗಳಲ್ಲಿ ಅರ್ಧಕ್ಕರ್ಧ ಅದೇ ಇರುವುದು.

ನಾನು ಬರೆಯುವುದು ಸಣ್ಣ ಚಿತ್ರ. ಐದಿಂಚು ಏಳಿಂಚಿನ ಎಂಡಿಎಫ್ ಹಲಗೆಯ ತುಂಡು, ಅದರ ಮೇಲೆ ಎರಡು ಕೋಟ್ ಪ್ರೈಮರ್, ಅದು ಒಣಗಿದ ಮೇಲೆ ತೆಳ್ಳಗೆ ಒಂದು ಕೆಂಪುಕಂದು ಬಣ್ಣ. ಬಿಳೀ ಬೋರ್ಡನ್ನು ಬಿಸಿಲಲ್ಲಿ ಇಟ್ಟುಕೊಂಡರೆ ಕಣ್ಣು ಕುಕ್ಕುತ್ತದೆ, ಬಣ್ಣದ ಅಂದಾಜು ತಪ್ಪುತ್ತದೆ. ಪೆಟ್ಟಿಗೆ ಅಂದರೆ ಹಳೇ ಹೊಲಿಗೆ ಮಷಿನ್ನಿನ ಡ್ರಾಯರು. ಬಡಿಗರು ಅದಕ್ಕೊಂದು ಮುಚ್ಚಳ ಕೂರಿಸಿಕೊಟ್ಟಿದ್ದಾರೆ. ಮುಚ್ಚಳ ಎತ್ತಿದರೆ ಅಲ್ಲೇ ಬೋರ್ಡ್ ನಿಲ್ಲುತ್ತದೆ, ಕೆಳಗೆ ಪ್ಯಾಲೆಟ್. ತೊಡೆಯ ಮೇಲೆ ಇಟ್ಟುಕೊಂಡು ಬದುವಿನ ಮೇಲೆ ಕೂತರೆ ಆಯಿತು. ಹೀಗೆ ಎದುರಿಗೇ ಕೂತು ಬರೆದ ಸಣ್ಣ ಚಿತ್ರಕ್ಕೆ ನಾವು ಸ್ಟಡಿ ಅನ್ನುತ್ತೇವೆ.

ಒಮ್ಮೆ ಒಂದು ಗ್ಯಾಲರಿಯವರಿಗೆ ಇಂಥ ಇಪ್ಪತ್ತು ಸ್ಟಡಿ ತೋರಿಸಿದ್ದೆ. "ಚೆನ್ನಾಗಿವೆ ಮೇಡಂ. ಇವು ಸ್ಯಾಂಪಲ್ ಅಲ್ವಾ? ಒರಿಜಿನಲ್ ಯಾವಾಗ ಮಾಡ್ತೀರಿ?" ಅಂದರು. ಎರಡು ದಿನ ಊಟ ಸೇರಲಿಲ್ಲ. ಆಮೇಲೆ ಹಟಕ್ಕೆ ಬಿದ್ದು ಒಂದನ್ನು ಮೂರಡಿ ಕ್ಯಾನ್ವಾಸಿಗೆ ಹಿಗ್ಗಿಸಿದೆ. ಮನೆಯಲ್ಲಿ ಕೂತು ಹದಿನೈದು ದಿನ ತಿದ್ದಿದೆ. ಮುಗಿಲು ಹೋಗಿ ಗೋಡೆಗೆ ಹೊಡೆದ ಡಿಸ್ಟೆಂಪರ್ ಆಯಿತು. ಈಗ ಅದು ಅಟ್ಟದ ಮೇಲಿದೆ, ಗೋಡೆಗೆ ಮುಖ ಮಾಡಿಕೊಂಡು.

ಎಳ್ಳಮಾಸಿಯ ದಿನ ಹುಬ್ಬಳ್ಳಿ ದಾಟಿ ಗದಗ ರಸ್ತೆ ಹಿಡಿದಾಗ ಇನ್ನೂ ಕತ್ತಲು. ಅಣ್ಣಿಗೇರಿಗಿಂತ ಮೊದಲೇ ಎಡಕ್ಕೆ ತಿರುಗಿ ಎರಿ ಹೊಲದ ದಾರಿ. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣು, ಗಿಡಮರ, ಏರಿಳಿತ. ಈ ಕಡೆ ಕಣ್ಣು ಹಾಯುವಷ್ಟು ದೂರ ಕರಿ ಮಣ್ಣು, ಚಪ್ಪಟೆ ನೆಲ. ಚಿತ್ರ ಬರೆಯುವವರಿಗೆ ಇಲ್ಲಿ ನೆಲದ ಕೆಲಸ ಕಮ್ಮಿ. ಬೋರ್ಡಿನ ಕೆಳಗೆ ಒಂದು ಬೆರಳಗಲ ಹೊಲ, ಮಿಕ್ಕಿದ್ದೆಲ್ಲ ಮುಗಿಲು.

ಹೊಲ ಮುಟ್ಟಿದಾಗ ಏಳೂಕಾಲು. ಅಗಸಿ ಇನ್ನೂ ಅರೆಗಣ್ಣಲ್ಲಿತ್ತು. ಹೂ ಬಿಚ್ಚುವವರೆಗೆ ಆಕಾಶ ಮಾಡೋಣ ಅಂತ ಕೂತೆ.

ಮೋಡ ಇಲ್ಲದ ಆಕಾಶ ಸುಲಭ ಅಂತ ಜನ ಅಂದುಕೊಳ್ಳುತ್ತಾರೆ. ಸುಳ್ಳು. ಮೋಡ ಇದ್ದರೆ ಕಣ್ಣಿಗೆ ಹಿಡಿಯಲು ಏನೋ ಒಂದು ಇರುತ್ತದೆ. ಬೋಳು ಮುಗಿಲಿನಲ್ಲಿ ಏನೂ ಇಲ್ಲ, ಆದರೆ ಎಲ್ಲೂ ಒಂದೇ ಬಣ್ಣವೂ ಇಲ್ಲ. ನೆತ್ತಿಯ ಮೇಲೆ ಅಲ್ಟ್ರಾಮರೀನ್ ಅನ್ನುವ ಕಡುನೀಲಿ, ಸ್ವಲ್ಪ ಬಿಳಿ. ಕೆಳಗೆ ಇಳಿದಂತೆ ಸೆರುಲಿಯನ್ ಅನ್ನುವ ತಿಳಿನೀಲಿ. ಇನ್ನೂ ಇಳಿದರೆ ನೀಲಿಯೇ ಅಲ್ಲ. ನೆಲಕ್ಕೆ ಹತ್ತಿದ ಜಾಗದಲ್ಲಿ ಮಂಜು, ಧೂಳು, ಯಾರದೋ ಹೊಲದ ಹೊಗೆ. ಅಲ್ಲಿಗೆ ಬಿಳಿಯ ಜೊತೆ ಯೆಲ್ಲೋ ಓಕರ್ ಅನ್ನುವ ಮಣ್ಣು ಹಳದಿ ಒಂದು ಚಿಟಿಕೆ, ಸೂರ್ಯನ ಕಡೆಗೆ ಒಂದು ಚೂರು ಗುಲಾಬಿ. ಇವಿಷ್ಟೂ ಒಂದರೊಳಗೊಂದು ಹಸಿಯಾಗಿದ್ದಾಗಲೇ ಸೇರಬೇಕು. ಎಲ್ಲಿ ಸೇರಿತು ಅಂತ ಕಾಣಬಾರದು. ನನಗೆ ಎಣ್ಣೆಬಣ್ಣ ಕಲಿಸಿದ ಮೇಷ್ಟ್ರು ಗದಗಿನಲ್ಲಿ ಟಿ.ಪಿ. ಅಕ್ಕಿಯವರ ವಿಜಯ ಕಲಾ ಮಂದಿರದಲ್ಲಿ ಕಲಿತವರು. ಆಕಾಶಕ್ಕೆ ಅವರು ಕೊಡುತ್ತಿದ್ದದ್ದು ನಲವತ್ತು ನಿಮಿಷ. "ಅದಕ್ಕಿಂತ ಜಾಸ್ತಿ ಕೂತ್ರ ಎರಡು ಆಕಾಶ ಒಂದ ಬೋರ್ಡಿನ್ಯಾಗ ಬರ್ತಾವ" ಅನ್ನುತ್ತಿದ್ದರು.

ಅವತ್ತು ಮೂವತ್ತೈದು ನಿಮಿಷಕ್ಕೆ ಮುಗಿಯಿತು. ಬೋರ್ಡಿನ ಹಿಂಬದಿಗೆ ಪೆನ್ಸಿಲ್ಲಿನಲ್ಲಿ ಬರೆದೆ: ಎಳ್ಳಮಾಸಿ, ಮುಂಜಾನೆ 8, ಮೂಡಗಾಳಿ, ತೆಳು ಮಂಜು.

ಹೀಗೆ ಹಿಂಬದಿಗೆ ಬರೆಯುವ ಚಾಳಿ ನನಗೆ ಬಂದದ್ದು ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್‌ನಿಂದ. 1821 ಮತ್ತು 1822ರಲ್ಲಿ ಆತ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಗುಡ್ಡದ ಮೇಲೆ ಕೂತು ಬರೀ ಆಕಾಶ, ಬರೀ ಮೋಡ ಬರೆದ. ಎಣ್ಣೆಬಣ್ಣದಲ್ಲೇ, ಹೆಚ್ಚಿನವು ಕಾಗದದ ಮೇಲೆ. ಹಿಂಬದಿಗೆ ತಾರೀಖು, ಗಂಟೆ, ಗಾಳಿ ಯಾವ ಕಡೆಯದು ಅಂತ ಗುರುತು ಹಾಕುತ್ತಿದ್ದ. ಅವನ ಅಪ್ಪ ಹಿಟ್ಟಿನ ಗಿರಣಿಗಳ ಮಾಲೀಕ, ಅವುಗಳಲ್ಲಿ ಗಾಳಿಗೆ ತಿರುಗುವ ಗಿರಣಿಯೂ ಇತ್ತು. ಗಾಳಿ ನಂಬಿ ಬದುಕುವ ಮನೆಯಲ್ಲಿ ಬೆಳೆದವನಿಗೆ ಆಕಾಶ ಸುಮ್ನೆ ಹಿನ್ನೆಲೆ ಆಗಿ ಕಂಡಿರಲಿಕ್ಕಿಲ್ಲ. ಆ ಸ್ಟಡಿಗಳನ್ನು ಆತ ಪ್ರದರ್ಶನಕ್ಕೆ ಅಂತ ಬರೆದವನಲ್ಲ. ಇವತ್ತು ಅವೇ ಮ್ಯೂಸಿಯಂಗಳಲ್ಲಿ ತೂಗುತ್ತಿವೆ. ಆ ಗ್ಯಾಲರಿಯವರಿಗೆ ಇದನ್ನು ಹೇಳಬೇಕಿತ್ತು. ಇಂಥ ಉತ್ತರ ಯಾವಾಗಲೂ ಬಸ್ಸು ಹತ್ತಿದ ಮೇಲೇ ಹೊಳೆಯುತ್ತದೆ.

ತಿರುಗಿ ನೋಡಿದರೆ ಅಗಸಿ ಪೂರ್ತಿ ಅರಳಿತ್ತು. ನಾಲ್ಕು ಸಾಲು, ಜೋಳದ ಅಂಚಿಗೆ. ದೂರದಿಂದ ಹೂ ಕಾಣುವುದಿಲ್ಲ, ಹಸಿರಿನ ಮೇಲೆ ಒಂದು ನೀಲಿ ಹೊಗೆ ಕೂತ ಹಾಗೆ ಇರುತ್ತದೆ. ಹತ್ತಿರ ಹೋಗಿ ಬಗ್ಗಿದೆ. ಐದು ಎಸಳು, ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ. ಒಂದೊಂದರ ಮೇಲೂ ಬುಡದಿಂದ ಹೊರಟ ಕಡುನೀಲಿ ಗೆರೆಗಳು. ನಡುವಿನ ಕೇಸರಗಳ ತುದಿಯೂ ನೀಲಿ. ಬಿಸಿಲು ಹಿಂದಿನಿಂದ ಬಿದ್ದಾಗ ಎಸಳು ನೀಲಿ ಬಿಟ್ಟು ನೇರಳೆಗೆ ವಾಲುತ್ತದೆ. ಒಂದೇ ಹೂ ಆರಿಸಿಕೊಂಡೆ.

ಬೆಂಗಳೂರಿನ ರುಮಾಲೆ ಚನ್ನಬಸವಯ್ಯನವರು ಹೂಬಿಟ್ಟ ಮರಗಳನ್ನು ರಸ್ತೆಯಲ್ಲೇ ನಿಂತು ಬರೆದವರು. ಆ ಚಿತ್ರಗಳ ಎದುರು ನಿಂತರೆ ನನಗೆ ಹೊಟ್ಟೆಕಿಚ್ಚು ಆಗುತ್ತದೆ, ಕೈಯ ಬಗ್ಗೆ ಅಷ್ಟೇ ಅಲ್ಲ, ಮರದ ಬಗ್ಗೆಯೂ. ಗುಲ್‌ಮೊಹರ್ ವಾರಗಟ್ಟಲೆ ಕಾಯುತ್ತದೆ. ಇವತ್ತು ಆಗದಿದ್ದರೆ ನಾಳೆ ಹೋಗಬಹುದು. ಅಗಸಿ ಹೂವಿಗೆ ನಾಳೆ ಇಲ್ಲ. ಬೆಳಿಗ್ಗೆ ಬಿಚ್ಚಿದ್ದು ಮಧ್ಯಾಹ್ನದೊಳಗೆ ಎಸಳು ಕಳಚುತ್ತದೆ. ನಾಳೆ ಬರುವುದು ಬೇರೆ ಹೂ.

ಅಷ್ಟರಲ್ಲಿ ಚಕ್ಕಡಿ ಬಂತು. ಗೆಳತಿಯ ಮನೆಯವರೆಲ್ಲ ಬುಟ್ಟಿ ಹೊತ್ತು ಇಳಿದರು. ಅವಳ ಅಣ್ಣನ ಮಗ, ಐದನೇ ಕ್ಲಾಸು, ನೇರ ನನ್ನ ಹೆಗಲ ಮೇಲೆ ಬಂದ.

"ಆಂಟಿ, ಇಷ್ಟ ಸಣ್ಣದು ಯಾಕ ತಗಿಯಾಕತ್ತೀರಿ? ಕಾಗದ ಇರಲಿಲ್ಲೇನು?"

"ಹೂ ಸಣ್ಣದು ಅಲ್ವಾ?"

"ಮುಗಿಲ ದೊಡ್ಡದು ಐತಲ್ಲ?" ಅಂದ, ಪಕ್ಕದಲ್ಲಿ ಒಣಗಲು ಇಟ್ಟಿದ್ದ ಬೋರ್ಡ್ ತೋರಿಸಿ. ಗ್ಯಾಲರಿಯವರಿಗಿಂತ ಇವನೇ ವಾಸಿ, ಪ್ರಶ್ನೆಯಾದರೂ ನೇರವಾಗಿತ್ತು. ಉತ್ತರ ಮಾತ್ರ ಆಗಲೂ ಹೊಳೆಯಲಿಲ್ಲ.

ಅವನ ಹಿಂದೆ ಗೆಳತಿಯ ಅವ್ವ ಬಂದರು. ಪ್ಯಾಲೆಟ್ಟಿನ ಮೇಲಿನ ಅಲ್ಟ್ರಾಮರೀನ್ ನೋಡಿ, "ತಂಗಿ, ಇದು ಅರಿವಿಗೆ ಹಾಕೂ ನೀಲಿ ಅಲ್ಲೇನ?" ಅಂದರು. ಹೌದು, ಅದೇ! ಬಿಳೀ ಬಟ್ಟೆಗೆ ಹಾಕುತ್ತಿದ್ದ ನೀಲಿ ಪುಡಿಯೂ ಅಲ್ಟ್ರಾಮರೀನೇ. ಒಂದು ಕಾಲಕ್ಕೆ ಲಾಪಿಸ್ ಅನ್ನುವ ನೀಲಿ ಕಲ್ಲನ್ನು ಅರೆದು ಈ ಬಣ್ಣ ತೆಗೆಯುತ್ತಿದ್ದರು. 1820ರ ದಶಕದ ಕೊನೆಗೆ ಫ್ರಾನ್ಸಿನಲ್ಲಿ ಇದನ್ನು ಕಾರ್ಖಾನೆಯಲ್ಲಿ ಮಾಡುವುದು ಕಲಿತರು. ಆಮೇಲೆ ಅದು ದೋತರ, ಅಂಗಿಗಳ ತನಕ ಇಳಿದು ಬಂತು.

ನನಗೆ ಹುರುಪು ಬಂದು ಸಣ್ಣ ಬಾಟಲಿಯನ್ನೂ ಅವರ ಮೂಗಿನ ಹತ್ತಿರ ಹಿಡಿದೆ. ಬಣ್ಣ ಸಡಿಲ ಮಾಡುವ ಲಿನ್‌ಸೀಡ್ ಎಣ್ಣೆ. ಅವರು ಮೂಸಿ ನೋಡಿ ಮುಖ ಸಿಂಡರಿಸಿದರು.

"ಅಗಸಿ ಎಣ್ಣಿ. ಹಳೇದು."

"ಹೌದು ಅವ್ವಾರೆ. ಈ ಬಣ್ಣದಲ್ಲೆಲ್ಲ ಇರೋದು ಇದೇ ಎಣ್ಣೆ. ನಿಮ್ಮ ಅಗಸಿಯಿಂದ ತೆಗೆದ ಎಣ್ಣೆಯಲ್ಲೇ ನಿಮ್ಮ ಅಗಸಿ ಹೂ ಬರೀತಾ ಇದ್ದೀನಿ."

ಅವರು ಹೂವನ್ನು ನೋಡಿದರು, ಬೋರ್ಡ್ ನೋಡಿದರು. "ಹಂಗಾದ್ರ ಇದನ್ನ ತಿನ್ನಾಕ ಬರ್ತದೇನು?" ಅಂದು ತಾವೇ ನಕ್ಕರು.

ಅಗಸಿ ಎಣ್ಣೆಯ ಗುಣವೇ ವಿಚಿತ್ರ. ಅದು ನೀರಿನ ಹಾಗೆ ಆರುವುದಿಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ಒಳಗೊಳಗೇ ಗಟ್ಟಿಯಾಗುತ್ತದೆ. ಶೇಂಗಾ ಎಣ್ಣೆಯಲ್ಲಿ ಚಿತ್ರ ಬರೆದರೆ ವರ್ಷ ಕಳೆದರೂ ಜಿಡ್ಡು ಜಿಡ್ಡಾಗೇ ಇರುತ್ತದೆ. ಗಟ್ಟಿಯಾಗುವಾಗ ಅಗಸಿ ಎಣ್ಣೆ ಬಿಸಿಯನ್ನೂ ಬಿಡುತ್ತದೆ. ಅದಕ್ಕೇ ಅವ್ವಾರು ನನ್ನ ಕೊಳಕು ಅರಿವೆಗಳನ್ನೆಲ್ಲ ಮುದ್ದೆ ಮಾಡಿ, "ಸ್ವಚ್ಛ ಮಾಡ್ತೀನಿ" ಅಂತ ಕಣಕಿ ಬಣವಿಯ ಸಂದಿಗೆ ತುರುಕಲು ಹೊರಟಾಗ ನಾನು ಎದ್ದು ಓಡಿದ್ದು. ಈ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಟ್ಟರೆ ಬಿಸಿ ಒಳಗೇ ಕೂಡಿ, ಬೆಂಕಿ ಕಡ್ಡಿ ಇಲ್ಲದೆ ತಾನೇ ಹೊತ್ತಿಕೊಳ್ಳಬಹುದು. ಅರಿವೆ ಕಿತ್ತುಕೊಂಡು ನೀರಿನ ಡಬ್ಬಿಗೆ ಹಾಕಿದೆ. ಹಬ್ಬದ ದಿನ ಬಣವಿಗೆ ಬೆಂಕಿ ಹಚ್ಚಿದ ಚಿತ್ರಗಾರ್ತಿ ಅಂತ ಹೆಸರು ಬರುವುದು ತಪ್ಪಿತು.

ವಾಪಸ್ ಬಂದು ನೋಡಿದರೆ ನನ್ನ ಹೂವಿಗೆ ಮೂರೇ ಎಸಳು.

ಹನ್ನೊಂದೂ ಆಗಿರಲಿಲ್ಲ. ಗಾಳಿ ಬೀಸಿದ್ದೋ, ಹುಡುಗನ ಕೈ ತಗುಲಿದ್ದೋ. ಉಳಿದೆರಡು ಎಸಳು ಎರಿ ಮಣ್ಣಿನ ಬಿರುಕಿನ ಅಂಚಿಗೆ ಬಿದ್ದಿದ್ದವು, ನೀಲಿ ಚಿಂದಿಯ ಹಾಗೆ. ಬೋರ್ಡಿನ ಮೇಲೂ ಅಷ್ಟೊತ್ತಿಗೆ ಮೂರೇ ಎಸಳು ಆಗಿದ್ದವು. ಪಕ್ಕದ ಹೂ ನೋಡಿ ಮಿಕ್ಕಿದ್ದು ತುಂಬಿಸಬಹುದಿತ್ತು. ಬ್ರಷ್ ಅದ್ದಿಯೂ ಅದ್ದಿದೆ. ಆಮೇಲೆ ಬೇಡ ಅನಿಸಿತು. ಕೆಂಪುಕಂದು ಬೋರ್ಡ್ ಕಾಣುತ್ತಿದ್ದ ಜಾಗ ಹಾಗೇ ಬಿಟ್ಟೆ.

ಅಷ್ಟರಲ್ಲಿ ಪೂಜೆ ಮುಗಿದಿತ್ತು. ಚರಗ ಚೆಲ್ಲುವ ಹೊತ್ತು. ಮಾಡಿದ ಅಡಿಗೆಯಲ್ಲಿ ಎಲ್ಲವೂ ಸ್ವಲ್ಪ ಸ್ವಲ್ಪ ಕಲಸಿ, ಹೊಲದ ಸುತ್ತ ತಿರುಗುತ್ತಾ ಭೂಮಿತಾಯಿಗೆ ಎರಚುತ್ತಾರೆ. ಗೆಳತಿಯ ಅಪ್ಪ ಮುಂದೆ, ಹಿಂದೆ ನೀರಿನ ತಂಬಿಗೆ ಹಿಡಿದು ಮೊಮ್ಮಗ. ಅಪ್ಪಾರಿಗೆ ಎಪ್ಪತ್ತರ ಮೇಲೆ. ಆದರೂ ಎರಚುವ ಕೈ ಜೋರು. ಜೋಳದ ಮೇಲೆ ಕಡುಬಿನ ಚೂರು, ಕಡಲೆ ಗಿಡದ ಮೇಲೆ ಅನ್ನ, ಪಲ್ಯ. ಅಗಸಿಯ ಅಂಚಿಗೆ ಬಂದಾಗಲೂ ಅದೇ ಜೋರಿನಲ್ಲಿ ಎರಚಿದರು. ನಾನು ಬದುವಿನ ಮೇಲೆ ಒಣಗಲು ಇಟ್ಟಿದ್ದ ಮುಗಿಲು ನನಗೂ ಮರೆತಿತ್ತು, ಅವರಿಗಂತೂ ಗೊತ್ತೇ ಇರಲಿಲ್ಲ.

"ಅಯ್ಯಯ್ಯ, ಚಿತ್ರದ ಮ್ಯಾಲ ಬಿತ್ತಲ್ರೀ!" ಗೆಳತಿ ಕೂಗಿದಳು.

ಅಪ್ಪಾರು ಗಾಬರಿಯಿಂದ ಬಂದು ಬಗ್ಗಿದರು. ಅನ್ನದ ನಾಲ್ಕು ಅಗುಳು, ಸಜ್ಜಿ ರೊಟ್ಟಿಯ ಒಂದು ಚೂರು. ನೈಫಿನ ತುದಿಯಿಂದ ಒಂದೊಂದೇ ಎತ್ತಿದೆ. ಎತ್ತಿದ ಕಡೆಯೆಲ್ಲ ಬ್ರಷ್ ಆಡಿಸಿ ಸರಿ ಮಾಡಿದೆ. ರೊಟ್ಟಿಗೆ ಹಚ್ಚಿದ ಎಳ್ಳು ಒಂದೇ ಒಂದು ಉಳಿಯಿತು. ಬಲಗಡೆ ಮೇಲೆ, ನೀಲಿ ಗಾಢವಾಗಿರುವಲ್ಲಿ. ಅದು ಪೂರ್ತಿ ಹುಗಿದು ಹೋಗಿತ್ತು. ಕೀಳಲು ಹೋದರೆ ಕೆಳಗಿನ ಬಣ್ಣವೇ ಎದ್ದು ಬರುತ್ತಿತ್ತು.

ಅಪ್ಪಾರು ಬೋರ್ಡನ್ನು ತೋಳುದ್ದ ದೂರ ಹಿಡಿದು ನೋಡಿದರು. ಎಳ್ಳನ್ನಲ್ಲ, ಕೆಳಗಿನ ಅಂಚನ್ನು. ನಾನು ಓಕರ್ ಬೆರೆಸಿ ಬರೆದ ಆ ಮಬ್ಬು ಪಟ್ಟಿ.

"ಇದು ಮುಂಜಾನಿದು. ಮಂಜ ಇನ್ನೂ ಐತಿ" ಅಂದರು. "ಕಡ್ಲಿಗೆ ಚಲೋ ಆತು."

ಮೂರಡಿ ಕ್ಯಾನ್ವಾಸ್ ನೋಡಿ ಯಾರೂ ಹೀಗೆ ಗಂಟೆ ಹೇಳಿರಲಿಲ್ಲ. ಎಳ್ಳನ್ನು ಇರಲಿ ಅಂತ ಬಿಟ್ಟೆ.

ಆಮೇಲೆ ಊಟ. ಅದರ ಬಗ್ಗೆ ಬರೆಯಲು ಹೋದರೆ ಈ ಬರಹ ಮುಗಿಯುವುದಿಲ್ಲ. ಅಗಸಿ ಚಟ್ನಿಗೆ ಮೊಸರು ಕಲಸಿ ಎರಡು ರೊಟ್ಟಿ ತಿಂದೆ, ಬೆರಳ ಸಂದಿಯಲ್ಲಿ ಇನ್ನೂ ನೀಲಿ ಇತ್ತು.

ಎರಡೂ ಬೋರ್ಡನ್ನು ಮನೆಗೆ ತಂದು ಅಡಿಗೆಮನೆಯ ಶೆಲ್ಫಿನ ಮೇಲೆ ಒರಗಿಸಿಟ್ಟೆ. ಎಂಟನೇ ದಿನ ಮುಟ್ಟಿ ನೋಡಿದಾಗ ಬೆರಳಿಗೆ ಅಂಟಲಿಲ್ಲ. ಹತ್ತನೇ ದಿನ ಬೆಳಿಗ್ಗೆ ಚಹಾಕ್ಕೆ ಹಾಲು ಇಟ್ಟು ತಿರುಗಿದರೆ ಮುಗಿಲಿನಲ್ಲಿ ಎಳ್ಳಿಲ್ಲ. ಶೆಲ್ಫಿನ ಅಂಚಿನಲ್ಲಿ ಇರುವೆ ಸಾಲು. ಎಳ್ಳಿದ್ದ ಜಾಗದಲ್ಲಿ ಒಂದು ಸಣ್ಣ ಗುಳಿ, ಹೊಟ್ಟೆಯ ಕಡೆ ಅಗಲ, ತುದಿ ಚೂಪು. ಅದರೊಳಗೆ ಬೋರ್ಡಿನ ಕೆಂಪುಕಂದು ಕಾಣುತ್ತಿತ್ತು. ಗುಳಿ ಮುಚ್ಚಲು ಬಣ್ಣ ಕಲಸಲಿಲ್ಲ. ಬೋರ್ಡ್ ತಿರುಗಿಸಿ, ಮೂಡಗಾಳಿ, ತೆಳು ಮಂಜು ಅಂತ ಇದ್ದದ್ದರ ಕೆಳಗೆ ಪೆನ್ಸಿಲ್ಲಿನಲ್ಲಿ ಇನ್ನೊಂದು ಸಾಲು ಸೇರಿಸಿದೆ: ಎಳ್ಳು ಇರುವೆ ಒಯ್ದಿತು.