ಆ ಎರಡು ಸಾಲಿನ ವಿಷಾದ ಪತ್ರ

ಪ್ರೊಬೇಷನ್ ಪರಿಶೀಲನಾ ಸಮಿತಿಯಲ್ಲಿ ಉಪಕುಲಸಚಿವರು ಆ ಪತ್ರ ಓದತೊಡಗಿದಾಗ ಮೊದಲ ಪದಕ್ಕೇ ಗುರುತು ಹತ್ತಿತು. ಸಹಿ ಆಕೆಯದು, ಒಕ್ಕಣೆ ನನ್ನದು.

ನಮ್ಮ ವಿಭಾಗದ ಸಹಾಯಕ ಪ್ರಾಧ್ಯಾಪಕಿ ಪತ್ರಿಕೆಯೊಂದಕ್ಕೆ ಲೇಖನ ಬರೆದಿದ್ದರು. ಮೌಲ್ಯಮಾಪನಕ್ಕೆ ದಿನಕ್ಕಿಷ್ಟು ಎಂದು ಗುರಿ ಕಟ್ಟಿದರೆ ಉತ್ತರ ಓದದೆಯೇ ಅಂಕ ಬೀಳುತ್ತದೆ ಎಂಬುದು ಅದರ ಸಾರ. ಒಂದು ಸಾಲೂ ಸುಳ್ಳಲ್ಲ. ಅದೇ ಮೌಲ್ಯಮಾಪನ ಕ್ಯಾಂಪಿನಲ್ಲಿ, ಪಕ್ಕದ ಮೇಜಿನಲ್ಲಿ ನಾನೂ ಉತ್ತರಪತ್ರಿಕೆಗಳ ಬಂಡಲ್ ಮುಗಿಸಿದ್ದೆ.

ಮಧ್ಯಾಹ್ನ ಮೂರೂವರೆಗೆ, ವಿಭಾಗದ ಮುಖ್ಯಸ್ಥನೆಂದು ನನಗೆ ಆಡಳಿತ ಕಚೇರಿಯಿಂದ ಫೋನ್ ಬಂತು. "ಸಂಜೆಯೊಳಗೆ ವಿವರಣೆ ಬರ್ಬೇಕು ಸರ್, ಇಲ್ಲಾಂದ್ರೆ ಶೋಕಾಸ್ ನೋಟಿಸ್ ಹೋಗುತ್ತೆ." ಆಕೆಯನ್ನು ಕರೆಸಿದೆ. ಆಕೆ ಕೇಳಿದ್ದು ಒಂದೇ: "ಯಾವ ಸಾಲು ತಪ್ಪು ಸರ್?"

ನನ್ನಲ್ಲಿ ಉತ್ತರವಿರಲಿಲ್ಲ. "ಪ್ರೊಬೇಷನ್‌ನಲ್ಲಿದ್ದೀರಿ ಮೇಡಂ. ಎರಡು ಸಾಲು ಬರೆದುಕೊಡಿ, ಕಡತ ಮುಚ್ಚಿಹೋಗುತ್ತೆ" ಎಂದೆ. ಪೆನ್ನು ಹಿಡಿದು ಆಕೆ ಬಹಳ ಹೊತ್ತು ಸುಮ್ಮನೆ ಕೂತರು. ನಾನು ಗಡಿಯಾರ ನೋಡುತ್ತಿದ್ದೆ. ಕೊನೆಗೆ ನಾನೇ ಹೇಳಿ ಬರೆಸಿದೆ: ನನ್ನ ಲೇಖನದಿಂದ ವಿಶ್ವವಿದ್ಯಾಲಯದ ಘನತೆಗೆ ಧಕ್ಕೆಯಾಗಿರುವುದಕ್ಕೆ ವಿಷಾದಿಸುತ್ತೇನೆ. ಐದಕ್ಕೆ ಮುಂಚೆ ಪತ್ರ ಇನ್‌ವರ್ಡ್ ಆಯಿತು, ಅಂದರೆ ಕಚೇರಿಯ ಆವಕ ಪುಸ್ತಕದಲ್ಲಿ ನಂಬರ್ ಬಿದ್ದು ದಾಖಲಾಯಿತು. ಕಿರಿಯರೊಬ್ಬರನ್ನು ಕಾಪಾಡಿದೆ ಎಂಬ ನೆಮ್ಮದಿಯಲ್ಲಿ ಮನೆಗೆ ಹೋದೆ.

ಹತ್ತು ತಿಂಗಳ ನಂತರ ಸಮಿತಿಯಲ್ಲಿ ಕೇಳಿಸಿದ್ದು ಇಷ್ಟು: "ತಪ್ಪು ಅಂತ ಅವರೇ ಒಪ್ಪಿದಾರಲ್ಲ." ಪ್ರೊಬೇಷನ್ ಒಂದು ವರ್ಷ ಮುಂದಕ್ಕೆ ಹೋಯಿತು. ಬರೆಸಿದವನು ನಾನು ಎಂದು ಆಗಲೇ ಹೇಳಬೇಕಿತ್ತು. ನಡಾವಳಿ ಪುಸ್ತಕ ನನ್ನ ಮುಂದೆ ಬಂತು, ಸಹಿ ಹಾಕಿದೆ. ಈ ಸಹಿಯನ್ನು ನೆನೆದರೆ ಇವತ್ತಿಗೂ ಕೈ ತಣ್ಣಗಾಗುತ್ತದೆ.

ಆ ರಾತ್ರಿ ಓದಿದ್ದನ್ನು ಮೊದಲೇ ಓದಬೇಕಿತ್ತು. ಬೋಧಕರು ತಾವು ದುಡಿಯುವ ಸಂಸ್ಥೆಯ ಬಗ್ಗೆಯೇ ಮುಕ್ತವಾಗಿ ಅಭಿಪ್ರಾಯ ಹೇಳಬಹುದು ಎನ್ನುತ್ತದೆ ಯುನೆಸ್ಕೊದ 1997ರ ಶಿಫಾರಸು. ಅಮೆರಿಕದ ಪ್ರಾಧ್ಯಾಪಕರ ಸಂಘದ 1940ರ ಹೇಳಿಕೆಯಂತೂ ಪ್ರೊಬೇಷನ್‌ನಲ್ಲಿರುವವರಿಗೂ ಉಳಿದ ಬೋಧಕರಷ್ಟೇ ಸ್ವಾತಂತ್ರ್ಯ ಇರಬೇಕು ಎಂದು ಬಿಡಿಸಿ ಹೇಳುತ್ತದೆ. ಹೊರಗೆ ಮಾತಾಡುವಾಗ ನಿಖರವಾಗಿರಿ, ಸಂಯಮವಿರಲಿ, ಸಂಸ್ಥೆಯ ಪರವಾಗಿ ಮಾತಾಡುತ್ತಿಲ್ಲ ಎಂದು ತಿಳಿಸಿ ಎಂಬ ಹೊಣೆಯನ್ನೂ ಅದು ಹೊರಿಸುತ್ತದೆ. ಆಕೆಯ ಲೇಖನದ ಕೆಳಗೆ 'ಅಭಿಪ್ರಾಯ ವೈಯಕ್ತಿಕ' ಎಂದು ಇತ್ತು. ಇವೆರಡೂ ಕಾನೂನಲ್ಲ, ಮೂರೂವರೆಯ ಫೋನನ್ನು ತಡೆಯುವುದೂ ಇಲ್ಲ. ಆದರೆ ಅವತ್ತು ವಿಷಾದದ ಬದಲು ಬರೆಯುವುದಕ್ಕೆ ಏನಿತ್ತು ಎಂಬುದು ಅಲ್ಲಿತ್ತು.

ಈಗ ಇಂಥ ಕರೆ ಬಂದರೆ ಬರವಣಿಗೆಯಲ್ಲಿ ಕೇಳಿ ಎನ್ನುತ್ತೇನೆ, ಆಕ್ಷೇಪ ಯಾವ ವಾಕ್ಯಕ್ಕೆ ಎಂದೂ ನಮೂದಿಸಿ ಎನ್ನುತ್ತೇನೆ. ಅರ್ಧದಷ್ಟು ಕರೆಗಳು ಅಲ್ಲಿಗೇ ನಿಲ್ಲುತ್ತವೆ. ಬಾಯಿಮಾತಿನ ಒತ್ತಡಕ್ಕೆ ಕಡತದಲ್ಲಿ ಗುರುತಿರುವುದಿಲ್ಲ, ನಾವು ಕೊಟ್ಟ ವಿಷಾದ ಮಾತ್ರ ಶಾಶ್ವತವಾಗಿ ಉಳಿಯುತ್ತದೆ. ಇದೆಂಥ ಆಡಳಿತ?

ಆ ಸಮಿತಿ ಸಭೆಯ ಮರುವಾರವೇ ಕುಲಸಚಿವರಿಗೆ ಪತ್ರ ಕೊಟ್ಟೆ: ಆ ಒಕ್ಕಣೆ ನನ್ನದು, ಒತ್ತಾಯಿಸಿದವನೂ ನಾನೇ, ಆಕೆಯ ವಿರುದ್ಧ ಅದನ್ನು ಬಳಸಬಾರದು. ಪ್ರತಿಯನ್ನು ಆಕೆಗೂ ತೋರಿಸಿದೆ. ಎರಡು ಸಲ ಓದಿ ಕೇಳಿದರು:

"ಇನ್‌ವರ್ಡ್ ನಂಬರ್ ತಗೊಂಡಿದೀರಾ ಸರ್?"

ತಗೊಂಡಿದ್ದೆ.