ಕೆಲಾಂತಾನ್‌ನಲ್ಲಿ ಸಿಲತ್ ನೋಡಿದ್ದು

ಮಲೇಷ್ಯಾಕ್ಕೆ ಹೋದ ನಮ್ಮವರು ಸಾಮಾನ್ಯವಾಗಿ ಕ್ವಾಲಾಲಂಪುರದ ಜೋಡಿ ಗೋಪುರ, ಬಾಟು ಗುಹೆಯ ಮುರುಗನ್ ನೋಡಿ ವಾಪಸಾಗುತ್ತಾರೆ. ನಾನು ಕ್ವಾಲಾಲಂಪುರದಿಂದ ಇನ್ನೊಂದು ವಿಮಾನ ಹತ್ತಿ ಕೋಟಾ ಬಾರುವಿಗೆ ಹೋದೆ. ಮಲಯ ಪರ್ಯಾಯ ದ್ವೀಪದಲ್ಲಿ ಮಲೇಷ್ಯಾಕ್ಕೆ ಸೇರಿದ ಭಾಗದ ಈಶಾನ್ಯ ಮೂಲೆಯಲ್ಲಿ, ಥಾಯ್ಲೆಂಡ್ ಗಡಿಯ ಪಕ್ಕ ಇರುವ ಕೆಲಾಂತಾನ್ ರಾಜ್ಯದ ರಾಜಧಾನಿ ಅದು. ಮಲಯ್ ಜನರ ಕಾದಾಟದ ಕಲೆ ಸಿಲತ್ ಅನ್ನು ಅದರ ವಾದ್ಯಮೇಳದ ಜೊತೆಗೇ ನೋಡಬೇಕು ಅನ್ನೋದು ನನ್ನ ಆಸೆ.

ಮಧ್ಯಾಹ್ನ ಸಿತಿ ಖದೀಜಾ ಮಾರುಕಟ್ಟೆಯಲ್ಲಿ ನಾಸಿ ಕೆರಾಬು ತಿಂದೆ. ಶಂಖಪುಷ್ಪದ ಬಣ್ಣ ಹಾಕಿದ ನೀಲಿ ಅನ್ನ. ಅಂಗಡಿ ನಡೆಸುವವರಲ್ಲಿ ಹೆಂಗಸರೇ ಜಾಸ್ತಿ. ಆಮೇಲೆ ಗೆಲಾಂಗಾಂಗ್ ಸೆನಿ ಎಂಬ ಸಾಂಸ್ಕೃತಿಕ ಕೇಂದ್ರಕ್ಕೆ ಹೋದೆ.

ಮೇಳ ಚಿಕ್ಕದು. ಎರಡು ಗೆಂದಾಂಗ್ ಡೋಲು, ಜಾಗಟೆಯಂಥ ಒಂದು ಗಾಂಗ್, ಶಹನಾಯಿಯಂಥ ಒಂದು ಸೆರುನಾಯ್. ಸೆರುನಾಯ್ ಊದುವವರು ಕೆನ್ನೆಯಲ್ಲಿ ಗಾಳಿ ತುಂಬಿಕೊಂಡೇ ಮೂಗಿನಿಂದ ಉಸಿರೆಳೆಯುತ್ತಾರೆ. ಹಾಗಾಗಿ ನಾದ ಎಲ್ಲೂ ಕಡಿಯುವುದಿಲ್ಲ. ಇಬ್ಬರು ಆಟಗಾರರು ಬಂದರು. ಸಡಿಲವಾದ ಕಪ್ಪು ಅಂಗಿ, ಪ್ಯಾಂಟು, ಸೊಂಟಕ್ಕೆ ಸುತ್ತಿದ ಸಂಪಿನ್ ಎಂಬ ಜರಿಯ ಬಟ್ಟೆ, ತಲೆಗೆ ರುಮಾಲು. ಸಭೆಗೆ ವಂದಿಸಿದರು, ಆಮೇಲೆ ಒಬ್ಬರಿಗೊಬ್ಬರು. ನಮ್ಮ ಗರಡಿಯಲ್ಲಿ ಪೈಲ್ವಾನರು ಮಣ್ಣು ಮುಟ್ಟಿ ನಮಸ್ಕರಿಸುವಾಗ ಇರುವ ಗಾಂಭೀರ್ಯವೇ ಇಲ್ಲೂ ಇತ್ತು.

ಮೊದಲಿಗೆ ಇದು ನಿಧಾನದ ಕುಣಿತದಂತೆ ಕಾಣುತ್ತದೆ. ಅಂಗೈ ಅರಳುತ್ತದೆ, ಮಣಿಕಟ್ಟು ತಿರುಗುತ್ತದೆ. ಕಣ್ಣು ಕೈ ಮೇಲೇ ನಿಲ್ಲುತ್ತದೆ. ಆದರೆ ನೋಡಬೇಕಾದ್ದು ಕಾಲು. ಮೈಭಾರವೆಲ್ಲ ಹಿಂದಿನ ಕಾಲಿನ ಮೇಲೆ. ಮುಂದಿನ ಪಾದ ನೆಲವನ್ನು ಮುಟ್ಟಿ ನೋಡಿದ ಮೇಲೇ ಭಾರ ಮುಂದಕ್ಕೆ ಬರುತ್ತದೆ. ಈ ಹೆಜ್ಜೆಗಾರಿಕೆಗೆ ಲಂಗ್ಕಾ ಅನ್ನುತ್ತಾರೆ. ಎದುರಾಳಿಯ ಕೈ ಚಾಚಿ ಬಂದಾಗ ಹಿರಿಯ ಆಟಗಾರ ಅದನ್ನು ತಡೆಯಲೇ ಇಲ್ಲ. ಪಕ್ಕಕ್ಕೆ ಸರಿದು, ಮೊಣಕೈ ಹಿಡಿದು, ಕಾಲು ಗುಡಿಸಿದರು. ಹುಡುಗ ನೆಲದ ಮೇಲೆ! ಅಷ್ಟು ಹೊತ್ತಿಗೆ ಡೋಲಿನ ಗತಿಯೂ ಏರಿತ್ತು. ಆ ನಿಧಾನದ ಒಂದೊಂದು ಹೆಜ್ಜೆಯೂ ಈ ಪಟ್ಟು ಹಾಕಲು ಮಾಡಿಕೊಂಡ ಸಿದ್ಧತೆ. ಇದನ್ನು ಕಂಡ ಮೇಲೆ ಸಿಲತ್ ಅನ್ನು ಸುಮ್ನೆ ನೃತ್ಯ ಅನ್ನೋಕೆ ನನಗೆ ಮನಸ್ಸು ಬರಲಿಲ್ಲ.

ಮಲಯ್ ಮದುವೆಗಳಲ್ಲೂ ಸಿಲತ್ ಆಡುತ್ತಾರೆ. ಅಂದು ವಧೂವರರು ಒಂದು ದಿನದ ರಾಜ ರಾಣಿ. ಅವರ ಮುಂದೆ ಈ ಕಲೆ ತೋರಿಸುವುದು ಅವರಿಗೆ ಸಲ್ಲಿಸುವ ಗೌರವ.

ಮರುದಿನ ಸ್ಪರ್ಧೆಯ ಸಿಲತ್‌ಗೆ ಮಕ್ಕಳು ಅಭ್ಯಾಸ ಮಾಡುವುದನ್ನು ನೋಡಿದೆ. ಅಲ್ಲಿ ಡೋಲಿಲ್ಲ, ಮ್ಯಾಟ್ ಇದೆ. ಕಪ್ಪು ಬಟ್ಟೆ, ಎದೆಗೆ ಕವಚ. ಸ್ಪರ್ಧೆಯಲ್ಲಿ ಎರಡೆರಡು ನಿಮಿಷದ ಮೂರು ಸುತ್ತು. ಗುದ್ದಿಗೆ 1 ಅಂಕ, ಒದೆತಕ್ಕೆ 2, ಕೆಡವಿದರೆ 3. ತಲೆಗೆ, ಕುತ್ತಿಗೆಗೆ ಹೊಡೆಯುವಂತಿಲ್ಲ. ಇಂಡೋನೇಷ್ಯಾ, ಮಲೇಷ್ಯಾ, ಸಿಂಗಾಪುರ, ಬ್ರೂನೈ ಸೇರಿ 1980ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದವು. ಪೆಂಚಾಕ್ ಸಿಲತ್ ಹೆಸರಿನಲ್ಲಿ ಇದು 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ಗೂ ಬಂತು. ಅಲ್ಲಿ 16 ಚಿನ್ನದಲ್ಲಿ 14 ಇಂಡೋನೇಷ್ಯಾಕ್ಕೇ ಹೋದವು. ಮರುವರ್ಷ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಮಲೇಷ್ಯಾದ ಸಿಲತ್, ಇಂಡೋನೇಷ್ಯಾದ ಪೆಂಚಾಕ್ ಸಿಲತ್ ಪರಂಪರೆ ಎರಡೂ ಬೇರೆ ಬೇರೆಯಾಗಿ ಸೇರಿದವು.

ಅಂಕದ ಆಟದಲ್ಲಿ ಸೆರುನಾಯ್ ಇಲ್ಲ ಅನ್ನೋ ಕೊರಗು ನನಗಿದೆ. ಆದರೂ ಆ ಮಕ್ಕಳ ಹೆಜ್ಜೆ ನೋಡಿದರೆ ಹಿಂದಿನ ಸಂಜೆಯ ಲಂಗ್ಕಾ ಅಲ್ಲೇ ಇತ್ತು, ವೇಗ ಮಾತ್ರ ಜಾಸ್ತಿ. ಒಬ್ಬರೇ ಆಡುವ ತುಂಗ್ಗಲ್ ವಿಭಾಗವಂತೂ ನನಗೆ ತುಂಬ ಹಿಡಿಸಿತು. ಮೂರು ನಿಮಿಷದಲ್ಲಿ ಬರಿಗೈ, ಕತ್ತಿ, ದೊಣ್ಣೆ ಎಲ್ಲವನ್ನೂ ಗೊತ್ತಾದ ಕ್ರಮದಲ್ಲೇ ತೋರಿಸಬೇಕು. ಒಂದು ಹುಡುಗಿ ದೊಣ್ಣೆಯ ಭಾಗವನ್ನೇ ಮತ್ತೆ ಮತ್ತೆ ಮಾಡುತ್ತಿದ್ದಳು. ಅವಳ ಚಿಕ್ಗು, ಅಂದರೆ ಮೇಷ್ಟ್ರು, ಪ್ರತಿ ಸಲವೂ ಅವಳ ಹಿಂಗಾಲನ್ನಷ್ಟೇ ತಿದ್ದುತ್ತಿದ್ದರು.

ಹೋಗುವವರು ರಂಜಾನ್ ತಿಂಗಳು ತಪ್ಪಿಸಿ, ಆಗ ಪ್ರದರ್ಶನ ಇರುವುದಿಲ್ಲ. ವರ್ಷದ ಕೊನೆಗೆ ಅಲ್ಲಿ ಮಳೆ ವಿಪರೀತ. ಕೆಲಾಂತಾನ್‌ನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ ಅನ್ನುವುದೂ ನೆನಪಿರಲಿ.